ನಾಸಿಕದ ನಾಟ್ಯಗೃಹವೂ ಕಿಸೆಯ ಪಿಸ್ತೂಲೂ

1878ರ ಶಸ್ತ್ರಕಾಯಿದೆಯು ಪರವಾನಗಿಯಿಲ್ಲದ ಪ್ರಜೆಗಳನ್ನು ನಿರಾಯುಧರನ್ನಾಗಿಸಿದ್ದ ಕಾಲದಲ್ಲಿ, ಅಮೆರಿಕದ ಜಾನ್ ಬ್ರೌನಿಂಗನು ರೂಪಿಸಿ ಬೆಲ್ಜಿಯಮಿನ ಕಾರ್ಖಾನೆಯು ನಿರ್ಮಿಸಿದ, ಕಿಸೆಯಲ್ಲಿ ಅಡಗಬಲ್ಲ ಇಪ್ಪತ್ತು ಪಿಸ್ತೂಲುಗಳು, ಲಂಡನ್ನಿನಿಂದ ವಿನಾಯಕ ಸಾವರ್ಕರರು ಕಳುಹಿಸಿದ ಪೆಟ್ಟಿಗೆಯ ಹುಸಿತಳದಲ್ಲಿ ಮರೆಯಾಗಿ ಮುಂಬಯಿಯನ್ನು ಸೇರಿದುವು.

ಇಂದು ಛತ್ರಪತಿ ಸಂಭಾಜಿನಗರವೆನಿಸಿ, ಅಂದು ನಿಜಾಮನ ಆಳ್ವಿಕೆಯ ಔರಂಗಾಬಾದಾಗಿದ್ದ ಪಟ್ಟಣದಲ್ಲಿ ವ್ಯಾಸಂಗ ಮಾಡುತ್ತಿದ್ದ ಅನಂತ ಲಕ್ಷ್ಮಣ ಕಾನ್ಹೇರೆಯು, ವಿನಾಯಕರ ಅಣ್ಣ ಬಾಬಾರಾವ್ ಸಾವರ್ಕರರಿಗೆ ವಿಧಿಸಿದ ಆಜೀವ ಗಡೀಪಾರಿನ ಪ್ರತೀಕಾರಕ್ಕೆಂದು, 1909ರ ಡಿಸೆಂಬರ್ 21ರ ರಾತ್ರಿ ನಾಸಿಕದ ವಿಜಯಾನಂದ ನಾಟ್ಯಗೃಹದಲ್ಲಿ, ‘ಶಾರದಾ’ ನಾಟಕವನ್ನು ನೋಡಲು ಬಂದಿದ್ದ, ಸಂಸ್ಕೃತಜ್ಞನೆಂದು ಖ್ಯಾತನಾಗಿದ್ದ ಕಲೆಕ್ಟರ್ ಜಾಕ್ಸನನನ್ನು ಆ ಬ್ರೌನಿಂಗ್ ಪಿಸ್ತೂಲುಗಳಲ್ಲೊಂದರಿಂದ ಕೊಂದನು.

ಕಾನ್ಹೇರೆ, ಸಂಚಿನಲ್ಲಿ ಅವನ ಸಂಗಾತಿಗಳಾಗಿದ್ದ ಕರ್ವೆ, ದೇಶಪಾಂಡೆ ಮೂವರೂ 1910ರ ಏಪ್ರಿಲ್ 19ರಂದು ಠಾಣೆಯ ಸೆರೆಮನೆಯಲ್ಲಿ ಗಲ್ಲಿಗೇರಿದರು. ಪಿಸ್ತೂಲುಗಳನ್ನು ಕಳುಹಿಸಿದ ಸಾವರ್ಕರರ ಪಾಲಿಗೆ ಅಂಡಮಾನಿನ ಕಾರಾಗೃಹವು ಒದಗಿತು.