ಬಂದೂಕು ಕೆಳಗಿಟ್ಟ ಮಕ್ಕಳು, ಬಾಗಿಲು ತೆರೆದ ಊರುಗಳು

ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿರುವ ಸಿಯೆರಾ ಲಿಯೋನ್ ಒಂದು ಸಣ್ಣ ದೇಶ. ಅಲ್ಲಿನ ಜನರಲ್ಲಿ ಬಹುಪಾಲು ಮುಸ್ಲಿಮರು. ಒಂದೇ ಕುಟುಂಬದಲ್ಲಿ ಮುಸ್ಲಿಮರೂ ಕ್ರೈಸ್ತರೂ ಇರುವುದು ಅಲ್ಲಿ ಅಪರೂಪವಲ್ಲ. ವಜ್ರದ ಗಣಿಗಳಿಗೆ ಹೆಸರಾದ ಈ ನಾಡು 1991ರಿಂದ 2002ರವರೆಗೆ ಅಂತರ್ಯುದ್ಧದಲ್ಲಿ ಬೆಂದುಹೋಯಿತು. ಸುಮಾರು 50,000 ಮಂದಿ ಪ್ರಾಣ ಕಳೆದುಕೊಂಡರೆಂದು ಅಂದಾಜು. ಆ ಕ್ರೌರ್ಯವನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ. ಯುದ್ಧ ಮುಗಿದಾಗ ಅಲ್ಲಿನ ಹಳ್ಳಿಗಳ ಮುಂದೆ ಒಂದು ಕಠಿಣ ಪ್ರಶ್ನೆ ಎದ್ದಿತು: ಮನೆಗಳಿಗೆ ಬೆಂಕಿಯಿಟ್ಟ ಗುಂಪಿನಲ್ಲಿ ನಮ್ಮೂರಿನದೇ ಮಗುವಿತ್ತು, ಈಗ ಅದು ಮರಳಿ ಬಂದಿದೆ, ಅದನ್ನು ಒಳಗೆ ಕರೆಯಬೇಕೇ? ಆ ಜನರು ಕೊಟ್ಟ ಉತ್ತರವನ್ನು ನಾವು ಅರಿಯಬೇಕಾಗಿದೆ.

1991ರ ಮಾರ್ಚ್ 23ರಂದು ಫೋಡೆ ಸಂಕೋನ ಬಂಡುಕೋರರು ಲೈಬೀರಿಯಾದ ಗಡಿ ದಾಟಿ ಕೈಲಾಹುನ್ ಜಿಲ್ಲೆಯ ಬೊಮಾರು ಗ್ರಾಮದ ಮೇಲೆ ದಾಳಿ ಮಾಡಿದರು. ಅಂದಿನಿಂದ ಸಾವಿರಾರು ಮಕ್ಕಳು ಮನೆಗಳಿಂದ ಅಪಹರಿಸಲ್ಪಟ್ಟರು. ಅವರಿಗೆ ಮಾದಕ ವಸ್ತು ನೀಡಲಾಯಿತು. ಮರಳುವ ದಾರಿಯೇ ಮುಚ್ಚಿಹೋಗಲೆಂದು ಕೆಲವರಿಂದ ಸ್ವಂತ ಬಂಧುಗಳ, ನೆರೆಹೊರೆಯವರ ಮೇಲೆಯೇ ಹಿಂಸೆ ಮಾಡಿಸಲಾಯಿತು. ಸರಕಾರದ ಪರವಾಗಿ ಹೋರಾಡಿದ ಪಡೆಗಳೂ ಮಕ್ಕಳನ್ನು ಬಳಸಿಕೊಂಡವು. ಹೆಣ್ಣುಮಕ್ಕಳು ಅಡುಗೆಗೆ, ಹೊರೆ ಹೊರಲು ಬಳಕೆಯಾದರು. ಅನೇಕರನ್ನು ಬಲವಂತದಿಂದ ‘ಹೆಂಡತಿ’ಯರನ್ನಾಗಿ ಮಾಡಿಕೊಳ್ಳಲಾಯಿತು.

ಮಗುವಿನ ಹೊಣೆಗಾರಿಕೆಯ ವಿಷಯದಲ್ಲಿ ನಮ್ಮ ಪರಂಪರೆ ಸ್ಪಷ್ಟವಾಗಿದೆ. ಪ್ರಾಯಕ್ಕೆ ಬರುವ ತನಕ ಮಗುವಿನ ಲೆಕ್ಕ ಬರೆಯುವ ಲೇಖನಿಯನ್ನು ಎತ್ತಲಾಗಿದೆ ಎಂಬುದು ಪ್ರವಾದಿ(ಸ)ರ ಬೋಧನೆ. ಉಹುದ್ ಯುದ್ಧದ ಸಂದರ್ಭದಲ್ಲಿ ಹದಿನಾಲ್ಕು ವರ್ಷದ ಅಬ್ದುಲ್ಲಾ ಇಬ್ನು ಉಮರ್(ರ)ರಿಗೆ ಪ್ರವಾದಿ(ಸ)ರು ಅನುಮತಿ ನೀಡಲಿಲ್ಲ. ಹದಿನೈದಾದ ಬಳಿಕ ಖಂದಕ್‌ನಲ್ಲಿ ನೀಡಿದರೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. 2002ರಲ್ಲಿ ವಿಶ್ವಸಂಸ್ಥೆಯ ಸಹಯೋಗದಿಂದ ಸಿಯೆರಾ ಲಿಯೋನ್‌ನಲ್ಲಿ ಸ್ಥಾಪನೆಯಾದ ವಿಶೇಷ ನ್ಯಾಯಾಲಯಕ್ಕೂ ಹದಿನೈದರೊಳಗಿನವರನ್ನು ವಿಚಾರಿಸುವ ಅಧಿಕಾರವಿರಲಿಲ್ಲ. ಅದರ ಪ್ರಾಸಿಕ್ಯೂಟರ್ ಡೇವಿಡ್ ಕ್ರೇನ್ ಇನ್ನೂ ಮುಂದೆ ಹೋಗಿ, ಹದಿನೆಂಟರೊಳಗಿದ್ದ ಯಾರನ್ನೂ ಕಟಕಟೆಗೆ ತರುವುದಿಲ್ಲವೆಂದರು. ಕಟಕಟೆಯಲ್ಲಿ ನಿಂತವರು ಮಕ್ಕಳ ಕೈಗೆ ಬಂದೂಕು ಕೊಟ್ಟ ದೊಡ್ಡವರು. ಮಕ್ಕಳನ್ನು ಸೈನ್ಯಕ್ಕೆ ಸೇರಿಸಿದ ಅಪರಾಧಕ್ಕಾಗಿ ಅಂತಾರಾಷ್ಟ್ರೀಯ ನ್ಯಾಯಾಲಯವೊಂದು ಮೊದಲ ಬಾರಿಗೆ ತಪ್ಪಿತಸ್ಥರೆಂದು ತೀರ್ಪು ನೀಡಿದ್ದು ಇಲ್ಲಿಯೇ, 2007ರಲ್ಲಿ. ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷಗಳ ಸೆರೆವಾಸ ವಿಧಿಸಿದಾಗಲೂ ಈ ಆರೋಪ ಸಾಬೀತಾದವುಗಳಲ್ಲೊಂದಾಗಿತ್ತು.

ನ್ಯಾಯಾಲಯ ಮಗುವನ್ನು ಬಿಟ್ಟುಬಿಡಬಹುದು, ಊರು ಬಿಡಬೇಕಲ್ಲ! ನಿಶ್ಶಸ್ತ್ರೀಕರಣದ ಕಾಲದಲ್ಲಿ ಸುಮಾರು 6,800 ಮಕ್ಕಳು ಪಡೆಗಳಿಂದ ಅಧಿಕೃತವಾಗಿ ಬಿಡುಗಡೆಯಾದರು. ಅವರನ್ನು ತಾತ್ಕಾಲಿಕ ಆರೈಕೆ ಕೇಂದ್ರಗಳಲ್ಲಿರಿಸಿ, ಕುಟುಂಬಗಳನ್ನು ಹುಡುಕಿ ಒಪ್ಪಿಸಲಾಯಿತು. ಇಲ್ಲೊಂದು ಜಾಣ್ಮೆಯ ಕ್ರಮವನ್ನು ಗಮನಿಸಬೇಕು. ಮರಳಿ ಬಂದ ಮಗುವನ್ನು ಸೇರಿಸಿಕೊಂಡ ಶಾಲೆಗೆ ಯುನಿಸೆಫ್ ಕಲಿಕಾ ಸಾಮಗ್ರಿಗಳನ್ನು ನೀಡಿತು; ಅದರ ಪ್ರಯೋಜನ ಆ ಶಾಲೆಯ ಎಲ್ಲ ಮಕ್ಕಳಿಗೂ ದೊರೆಯಿತು. ‘ಸುಟ್ಟವನಿಗೆ ಪುಸ್ತಕ, ಸುಡಿಸಿಕೊಂಡವನಿಗೆ ಬರಿಗೈ’ ಎಂಬ ಅಸಮಾಧಾನಕ್ಕೆ ಅವಕಾಶ ಕಡಿಮೆಯಾಯಿತು. ಆದರೆ ಬಿಡುಗಡೆಯಾದ ಮಕ್ಕಳಲ್ಲಿ ಹುಡುಗಿಯರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಉಳಿದ ಎಷ್ಟೋ ಹುಡುಗಿಯರು ಅಪಮಾನಕ್ಕೆ ಅಂಜಿ, ಕೆಲವರು ಕಂಕುಳಲ್ಲಿ ಕೂಸು ಹೊತ್ತು, ಯಾವ ಪಟ್ಟಿಗೂ ಸೇರದೆ ಮೌನವಾಗಿ ಮರೆಯಾದರು. ಆ ಪ್ರಯತ್ನದ ದೊಡ್ಡ ಕೊರತೆ ಇದು.

ಊರೊಳಗಿನ ಕೆಲಸವನ್ನು ಹಿರಿಯರು, ಇಮಾಮರು, ಪಾದ್ರಿಗಳು ಹೊತ್ತುಕೊಂಡರು. ಮುಸ್ಲಿಮ್ ಮತ್ತು ಕ್ರೈಸ್ತ ಮುಖಂಡರು 1997ರಲ್ಲಿ ಕಟ್ಟಿದ ಅಂತರ್‌ಧರ್ಮೀಯ ಮಂಡಳಿಯು 1999ರ ಲೋಮೆ ಶಾಂತಿ ಒಪ್ಪಂದದ ಮಾತುಕತೆಗೆ ನೆರವಾಗಿತ್ತು. ಹಳ್ಳಿಗಳಲ್ಲಿ ಮಗುವಿನ ಪರವಾಗಿ ಕುಟುಂಬದ ಹಿರಿಯರೇ ನಿಂತು ಕ್ಷಮೆ ಬೇಡುವ ಪದ್ಧತಿಯಿತ್ತು. 2007ರಲ್ಲಿ ಮಾನವ ಹಕ್ಕು ಹೋರಾಟಗಾರ ಜಾನ್ ಕಾಲ್ಕರ್ ‘ಫಂಬುಲ್ ಟಾಕ್’ ಎಂಬ ಕಾರ್ಯ ಆರಂಭಿಸಿದರು. ಕ್ರಿಯೋ ಭಾಷೆಯಲ್ಲಿ ಹಾಗೆಂದರೆ ‘ಕುಟುಂಬದ ಮಾತು’. ಅದರ ಮೊದಲ ಸಭೆ 2008ರ ಮಾರ್ಚ್ 23ರಂದು, ಯುದ್ಧ ಆರಂಭವಾದ ಅದೇ ದಿನಾಂಕದಂದು, ಅದೇ ಬೊಮಾರುವಿನಲ್ಲಿ ನಡೆಯಿತು. ಬೆಂಕಿಯ ಸುತ್ತ ಊರವರು ಕುಳಿತರು. ನೊಂದವರು ನೋವು ಹೇಳಿದರು, ನೋಯಿಸಿದವರು ಒಪ್ಪಿಕೊಂಡು ಕ್ಷಮೆ ಕೇಳಿದರು. ಬಂಡುಕೋರರ ಬಲವಂತಕ್ಕೆ ಗೆಳೆಯನ ತಂದೆಯನ್ನೇ ಕೊಂದವನು ವರ್ಷಗಳ ನಂತರ ಇಂತಹ ಸಭೆಯೊಂದರಲ್ಲಿ ಆ ಗೆಳೆಯನ ಮುಂದೆ ಬಾಗಿದನು. ಆಮೇಲೆ ಊರವರು ಕೂಡಿ ಹೊಲ ಮಾಡಿದರು. ಪೂರ್ವಿಕರಿಗೆ ಅರ್ಪಣೆ ಸಲ್ಲಿಸುವಂತಹ ಕೆಲವು ಸ್ಥಳೀಯ ಆಚರಣೆಗಳು ನಮ್ಮ ವಿಶ್ವಾಸಕ್ಕೆ ಒಪ್ಪುವಂಥವಲ್ಲ. ಆದರೆ ತಪ್ಪೊಪ್ಪಿಗೆ, ಕ್ಷಮೆ, ಸಂಬಂಧಗಳ ದುರಸ್ತಿ ನಮಗೆ ಅಪರಿಚಿತವಲ್ಲ. ಅಶ್ಶೂರಾ ಅಧ್ಯಾಯದ 40ನೆಯ ಸೂಕ್ತವು ಕ್ಷಮೆಯೊಂದಿಗೇ ‘ಇಸ್ಲಾಹ್’ಅನ್ನು, ಅಂದರೆ ಕೆಟ್ಟದ್ದನ್ನು ಸರಿಪಡಿಸುವುದನ್ನು, ಸೇರಿಸಿ ಹೇಳಿದೆ.

ಕ್ಷಮೆ ಸುಲಭವೆಂದು ಹೇಳಿದರೆ ನೊಂದವರಿಗೆ ಅನ್ಯಾಯವಾದೀತು. ಈ ಸಭೆಗಳ ಪರಿಣಾಮವನ್ನು 200 ಹಳ್ಳಿಗಳಲ್ಲಿ ಪರಿಶೀಲಿಸಿದ ಅಧ್ಯಯನವೊಂದು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಷಮಾಭಾವ ಮತ್ತು ಪರಸ್ಪರ ನಂಬಿಕೆ ಹೆಚ್ಚಿದ್ದವು. ಆದರೆ ಹಳೆಯ ಗಾಯ ಮತ್ತೆ ತೆರೆದು, ಖಿನ್ನತೆ ಮತ್ತು ಆತಂಕವೂ ಹೆಚ್ಚಿದ್ದವು. ಇಲ್ಲಿ ವಹ್ಶಿ(ರ)ಯವರ ಘಟನೆ ನೆನಪಾಗುತ್ತದೆ. ಹಂಝಾ(ರ)ರನ್ನು ಕೊಂದ ಅವರು ಇಸ್ಲಾಮ್ ಸ್ವೀಕರಿಸಿ ಬಂದಾಗ ಪ್ರವಾದಿ(ಸ)ರು ಅವರನ್ನು ಒಪ್ಪಿಕೊಂಡರು. ಆದರೆ ಸಾಧ್ಯವಾದರೆ ತಮ್ಮ ಕಣ್ಣೆದುರಿಗೆ ಬಾರದಿರುವಂತೆ ಕೇಳಿಕೊಂಡರು. ವಹ್ಶಿ ಮಗುವಾಗಿರಲಿಲ್ಲ. ಆದರೂ ಸಮುದಾಯದಲ್ಲಿ ಅವರಿಗೆ ಸ್ಥಾನ ದೊರೆಯಿತು. ಚಿಕ್ಕಪ್ಪನನ್ನು ಕಳೆದುಕೊಂಡ ದುಃಖಕ್ಕೂ ಅದರ ಹಕ್ಕು ದೊರೆಯಿತು. ಕ್ಷಮಿಸಿದವರ ಎದೆಯಲ್ಲಿ ನೋವು ಉಳಿದರೆ ಅದು ಕ್ಷಮೆಯ ಕೊರತೆಯಲ್ಲ. ಸಭೆ ಮುಗಿದ ಮರುದಿನವೂ ಅವರ ಬಳಿ ಕುಳಿತುಕೊಳ್ಳುವುದು ಊರಿನ ಹೊಣೆ.

2002ರಿಂದ ಈ ಮಕ್ಕಳ ಬದುಕನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕಿ ಥೆರೆಸಾ ಬೆಟಾನ್‌ಕೋರ್ಟ್ ಮತ್ತು ಸಂಗಡಿಗರು ಕಂಡದ್ದಿಷ್ಟು: ಕುಟುಂಬ ಮತ್ತು ನೆರೆಹೊರೆ ಸ್ವೀಕರಿಸಿದ ಮಕ್ಕಳು ಹೆಚ್ಚು ಚೇತರಿಸಿಕೊಂಡರು, ಕಳಂಕದ ಮಾತು ಕೇಳುತ್ತ ಬೆಳೆದವರು ಹೆಚ್ಚು ನರಳಿದರು. ಬಂದೂಕನ್ನು ಶಿಬಿರದಲ್ಲಿ ಒಂದೇ ದಿನದಲ್ಲಿ ಕಸಿದುಕೊಳ್ಳಬಹುದು. ‘ಬಂಡುಕೋರ’ ಎಂಬ ಹೆಸರನ್ನು ಅಳಿಸಿ ‘ನಮ್ಮ ಮಗ’, ‘ನಮ್ಮ ಮಗಳು’ ಎಂದು ಬರೆಯಲು ಮಾತ್ರ ಇಡೀ ಊರಿಗೆ ಹಲವು ವರ್ಷಗಳು ಬೇಕು. ತಾವೇ ಬೆಂದಿದ್ದ ಆ ಬಡ ಹಳ್ಳಿಗಳು ಅದಕ್ಕೆ ಕೈಹಚ್ಚಿದವು. ದಾರಿ ತಪ್ಪಿಸಲ್ಪಟ್ಟ ಮಗುವನ್ನು ಹೊಸ್ತಿಲಲ್ಲೇ ನಿಲ್ಲಿಸಿ ತೀರ್ಪು ಹೇಳುವ ಮುನ್ನ, ಅದನ್ನು ತಪ್ಪಿಸಿದವರು ಯಾರೆಂದು ನಾವು ಮೊದಲು ಕೇಳೋಣ. ಒಡೆದ ಸಂಬಂಧಗಳನ್ನು ಕೂಡಿಸುವವರಲ್ಲಿ ಅಲ್ಲಾಹನು ನಮ್ಮನ್ನೂ ಸೇರಿಸಲಿ. ಆಮೀನ್.