ಗಾಯ ಮಾಯುವ ಲೆಕ್ಕ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಕಬ್ಬಿನ ಕಟಾವು ಶುರುವಾಯಿತೆಂದರೆ ಮಚ್ಚು ತಗುಲಿ ಕಾಲು ಕುಯ್ದುಕೊಳ್ಳುವವರು ಇದ್ದೇ ಇರುತ್ತಾರೆ. ಅಂಥ ಗಾಯ ಸಾಮಾನ್ಯವಾಗಿ ಬೇಗ ಮಾಯುತ್ತದೆ. ಆದರೆ ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣು ತಿಂಗಳುಗಟ್ಟಲೆ ಹಾಗೆಯೇ ನಿಲ್ಲುವುದುಂಟು. (1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಊರಿನಲ್ಲಿ ಕಾಯಿಲೆಗೂ ಅದೇ ಹೆಸರು!) ಹುಣ್ಣು ಹೇಗಿದೆಯೆಂದು ಕೇಳಿದರೆ "ಪರವಾಗಿಲ್ಲ, ಒಣಗ್ತಾ ಐತೆ" ಎನ್ನುತ್ತಾರೆ. ನಿಜವಾಗಿಯೂ ಒಣಗುತ್ತಿದೆಯೆ? ಈ ಪ್ರಶ್ನೆಯನ್ನು ಕಣ್ಣಂದಾಜಿಗೆ ಬಿಡದೆ ಗಣಿತಕ್ಕೆ ಒಪ್ಪಿಸಿದ ಕಥೆ ನೂರು ವರ್ಷಕ್ಕೂ ಹಳೆಯದು.

ಅದು ಒಂದನೆಯ ಮಹಾಯುದ್ಧದ ಕಾಲ. ಫ್ರಾನ್ಸಿನ ಕಾಂಪಿಯೆನ್ ಪಟ್ಟಣದಲ್ಲಿ, 1912ರ ನೊಬೆಲ್ ಪ್ರಶಸ್ತಿ ಪಡೆದಿದ್ದ ಶಸ್ತ್ರವೈದ್ಯ ಅಲೆಕ್ಸಿ ಕ್ಯಾರೆಲ್ ಅವರ ಸೈನಿಕ ಆಸ್ಪತ್ರೆ. ಕೀವು ತುಂಬಿದ ಗಾಯಗಳನ್ನು ತೊಳೆಯಲು ಅಲ್ಲಿ ಡೇಕಿನ್ ದ್ರಾವಣವನ್ನು ಬಳಸುತ್ತಿದ್ದರು. ಅದು ನಿಜವಾಗಿ ಗುಣ ಕೊಡುತ್ತದೆಂದು ತೋರಿಸಬೇಕಾದರೆ ಅಳತೆ ಬೇಕಲ್ಲವೆ? ಗಾಯದ ಮೇಲೆ ಪಾರದರ್ಶಕ ಹಾಳೆಯಿಟ್ಟು ಅಂಚಿನ ಗೆರೆ ಎಳೆದುಕೊಂಡರು. ಆ ಗೆರೆಯ ಮೇಲೆ ಪ್ಲಾನಿಮೀಟರ್ ಎಂಬ ಉಪಕರಣವನ್ನು ನಡೆಸಿ ವಿಸ್ತೀರ್ಣ ತಿಳಿದರು. ನಾಲ್ಕು ದಿನಕ್ಕೊಮ್ಮೆ ಅಳೆದು ಗ್ರಾಫ್ ಬರೆದಾಗ ಒಂದು ಕ್ರಮ ಕಾಣಿಸಿತು. ಗಾಯ ದೊಡ್ಡದಿರುವಾಗ ವೇಗವಾಗಿ ಕುಗ್ಗುತ್ತದೆ, ಚಿಕ್ಕದಾದಂತೆ ನಿಧಾನವಾಗುತ್ತದೆ.

ಆ ಗೆರೆಗೆ 1916ರಲ್ಲಿ ಸೂತ್ರ ಕೊಟ್ಟವರು ಪಿಯೆರ್ ಲಕೋಂತ್ ದು ನೂಯಿ. ಆತ ವೈದ್ಯರಲ್ಲ, ಬಹುಶಃ ಅದೇ ಒಳ್ಳೆಯದಾಯಿತು. ಕೆಲವು ದಿನಗಳ ಅಂತರದ ಎರಡು ಅಳತೆಗಳು ಸಿಕ್ಕರೆ ಸಾಕು, ಗಾಯ ಮುಂದೆ ಹೇಗೆ ಕುಗ್ಗಬೇಕೆಂಬ ಗೆರೆಯನ್ನು ಮೊದಲೇ ಬರೆದಿಡಬಹುದಿತ್ತು. ರೋಗಿಯ ವಯಸ್ಸೂ ಗಾಯದ ಗಾತ್ರವೂ ಆ ಲೆಕ್ಕದೊಳಗೆ ಬರುತ್ತಿದ್ದವು. ಸೂತ್ರದ ನಿಜವಾದ ಬೆಲೆ ಗೊತ್ತಾದದ್ದು ಅದು ತಪ್ಪಿದಾಗ. ಅಳೆದ ವಿಸ್ತೀರ್ಣ ಲೆಕ್ಕದ ಗೆರೆಗಿಂತ ಮೇಲೆಯೇ ಉಳಿದರೆ ಗಾಯದಲ್ಲಿ ಸೋಂಕಿದೆ ಎಂದರ್ಥ. ತೊಳೆದು ಶುದ್ಧ ಮಾಡಿದರೆ ಗಾಯ ಮತ್ತೆ ಗೆರೆಯತ್ತ ಇಳಿಯುತ್ತಿತ್ತು.

ಯುವ ಸೈನಿಕರ ಸೂತ್ರ ನಮ್ಮ ಸಕ್ಕರೆ ಹುಣ್ಣಿಗೆ ನೇರವಾಗಿ ಹೊಂದುವುದಿಲ್ಲ. ಆದರೆ ವಿಚಾರ ಹೊಂದುತ್ತದೆ. 2003ರಲ್ಲಿ ಅಮೆರಿಕದಲ್ಲಿ 203 ರೋಗಿಗಳ ಪಾದದ ಹುಣ್ಣುಗಳ ಅಧ್ಯಯನ ಪ್ರಕಟವಾಯಿತು. ನಾಲ್ಕು ವಾರಗಳಲ್ಲಿ ವಿಸ್ತೀರ್ಣ ಶೇ. 53ಕ್ಕಿಂತ ಹೆಚ್ಚು ಕುಗ್ಗಿದವರಲ್ಲಿ ಶೇ. 58 ಮಂದಿಗೆ ಹನ್ನೆರಡು ವಾರಗಳೊಳಗೆ ಹುಣ್ಣು ಮಾಯಿತು. ಅಷ್ಟು ಕುಗ್ಗದವರಲ್ಲಿ ಶೇ. 9 ಮಂದಿಗೆ ಮಾತ್ರ.

ಇದಕ್ಕೆ ಕಂಪ್ಯೂಟರ್ ಬೇಡ. ಹುಣ್ಣಿನ ಅತಿ ಹೆಚ್ಚು ಉದ್ದವನ್ನೂ ಅಡ್ಡಗಲವನ್ನೂ, ಸ್ಕೇಲು ಹುಣ್ಣಿಗೆ ತಾಗದಂತೆ, ವಾರಕ್ಕೊಮ್ಮೆ ಅಳೆದು ಗುಣಿಸಿ ಬರೆದಿಡಿ. ಇಂದು 4 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲವಿದ್ದರೆ 12. ನಾಲ್ಕು ವಾರದ ಮೇಲೆ 3 ಮತ್ತು 2 ಆಗಿದ್ದರೆ 6, ಅಂದರೆ ಅರ್ಧಕ್ಕೆ ಇಳಿದಿದೆ. ಇನ್ನೂ 10 ಅಥವಾ 11ರಲ್ಲೇ ನಿಂತಿದ್ದರೆ ಅದೇ ಮುಲಾಮನ್ನು ಹಚ್ಚುತ್ತ ಕೂರದೆ ಆ ಚೀಟಿಯನ್ನು ವೈದ್ಯರಿಗೆ ತೋರಿಸಿ. ಕಾಲಿನ ರಕ್ತಸಂಚಾರ, ಸೋಂಕು, ಸಕ್ಕರೆಯ ಮಟ್ಟ, ಪಾದದ ಮೇಲೆ ಬೀಳುವ ಭಾರ, ಇವನ್ನೆಲ್ಲ ಅವರು ಮತ್ತೆ ನೋಡಬೇಕಾಗುತ್ತದೆ. ಹುಣ್ಣು ಕಪ್ಪಾದರೆ, ವಾಸನೆ ಬಂದರೆ, ಜ್ವರ ಕಾಣಿಸಿದರೆ ಮಾತ್ರ ಈ ಲೆಕ್ಕಕ್ಕಾಗಿ ಕಾಯುವಂತಿಲ್ಲ. ಅಂದೇ ಆಸ್ಪತ್ರೆಗೆ ಹೊರಡಿ.