ಕೆರೆಯ ಏರಿ, ಟ್ಯಾಂಕಿನ ಒಡ್ಡು

ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಆತನ ಕಾಲದಲ್ಲಿ ಈ ದೇಶದ ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಎಂದರೆ ಕೆರೆ ಎಂದೇ ಅರ್ಥ. ಆ ಪದ ಗುಜರಾತಿಯಿಂದ ಬಂತೆಂದು ಕೆಲವರು, ಪೋರ್ಚುಗೀಸಿನಿಂದ ಬಂತೆಂದು ಇನ್ನು ಕೆಲವರು ಹೇಳುತ್ತಾರೆ. ಇಂದು ಅದೇ ಸೀಮೆಯಲ್ಲಿ ಟ್ಯಾಂಕ್ ಎಂದರೆ ಬೇರೆಯೇ ವಸ್ತು. ಸೈದಾಪುರದ ಸಮೀಪದ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳು ನೆಲೆಯೂರಿವೆ. ಅಲ್ಲಿ ಟ್ಯಾಂಕ್ ಎಂದರೆ ನೆಲದ ಮೇಲೆ ನಿಂತ ಉಕ್ಕಿನ ದುಂಡು ಪಾತ್ರೆ.

ಸಂಗ್ರಹಿಸಿಟ್ಟದ್ದು ಒಂದು ದಿನ ಮೈಮೇಲೆ ಬರಬಹುದೆಂಬ ಎಚ್ಚರ ಕೆರೆ ಕಟ್ಟಿದವರಿಗೆ ಇತ್ತು. ಸುರಪುರ ನಾಯಕರ ಕಾಲದ್ದೆಂದು ಹೆಸರಾದ ಬೋನಾಳ ಕೆರೆಯನ್ನು ಇಂದು ಪಕ್ಷಿಗಳನ್ನು ನೋಡಲು ಹೋಗುವವರೇ ಹೆಚ್ಚು. ಆದರೆ ಯಾವುದೇ ಹಳೆಯ ಕೆರೆಯ ಬಳಿ ನಿಂತು ಅದರ ರಚನೆಯನ್ನು ಗಮನಿಸಿದರೆ ಒಂದು ಸಂಗತಿ ಕಾಣುತ್ತದೆ. ನೀರು ಹಿಡಿಯಲು ಏರಿ, ಹೊಲಕ್ಕೆ ಬಿಡಲು ತೂಬು, ಹೆಚ್ಚಾದದ್ದು ಹರಿದುಹೋಗಲು ಕೋಡಿ. ಕೋಡಿ ಎಂಬುದು ಅಪಾಯವನ್ನು ಮೊದಲೇ ಲೆಕ್ಕ ಹಾಕಿ ಮಾಡಿದ ವ್ಯವಸ್ಥೆ. ಏರಿಯಲ್ಲಿ ನೀರು ಜಿನುಗಿದರೆ ಕೆಳಗಿನ ಹೊಲದವನ ಕಣ್ಣಿಗೇ ಅದು ಮೊದಲು ಬೀಳುತ್ತಿತ್ತು. ಡಂಗುರ ಹೊಡೆದರೆ ಊರು ಎದ್ದು ಬರುತ್ತಿತ್ತು. ಕೆರೆಯಲ್ಲಿ ಇರುವುದೇನು, ಒಡೆದರೆ ಯಾವ ಕಡೆ ಹರಿಯುತ್ತದೆ ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ.

ಉಕ್ಕಿನ ಟ್ಯಾಂಕಿಗೂ ಏರಿ ಉಂಟು. ಅದರ ಸುತ್ತ ಗಿಡ್ಡ ಗೋಡೆಯ ಒಡ್ಡು ಕಟ್ಟುತ್ತಾರೆ. ದೊಡ್ಡ ಟ್ಯಾಂಕು ಪೂರ್ತಿ ಸೋರಿದರೂ ಅದರಲ್ಲಿದ್ದುದಷ್ಟನ್ನೂ ಆ ಒಡ್ಡು ಹಿಡಿದುಕೊಳ್ಳಬೇಕು. ಒಳಗೆ ನಿಂತ ಮಳೆನೀರನ್ನು ಹೊರಬಿಡಲು ಒಂದು ವಾಲ್ವ್ ಇರುತ್ತದೆ; ಉಳಿದ ಹೊತ್ತೆಲ್ಲ ಅದು ಮುಚ್ಚಿರಬೇಕು. ಮಾತು ಸಣ್ಣದಾಗಿ ಕಾಣುತ್ತದೆ. 2009ರ ಅಕ್ಟೋಬರ್ 29ರಂದು ಜೈಪುರದ ಸೀತಾಪುರದ ತೈಲ ಡಿಪೋದಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ಚಿಮ್ಮಿದಾಗ ಒಡ್ಡಿನ ಆ ವಾಲ್ವ್ ತೆರೆದಿತ್ತು. ಪೆಟ್ರೋಲ್ ಮಳೆನೀರಿನ ಚರಂಡಿಗೆ ಹರಿಯಿತು, ಆವಿ ಸುತ್ತಲೂ ಹಬ್ಬಿತು. ಒಂದು ಗಂಟೆಗೂ ಹೆಚ್ಚು ಹೊತ್ತಿನ ನಂತರ ಸ್ಫೋಟವಾಗಿ 11 ಜನ ಸತ್ತರು. ಬೆಂಕಿ ಆರಲು ಹತ್ತು ದಿನಕ್ಕೂ ಹೆಚ್ಚು ಬೇಕಾಯಿತು.

ಟ್ಯಾಂಕಿನಲ್ಲಿ ವಿಷ ಅಥವಾ ಪೆಟ್ರೋಲೇ ಇರಬೇಕೆಂದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರದ ಕಡೆ ಭತ್ತದ ಜೊತೆ ಕಬ್ಬೂ ಬಂತು, ಸಕ್ಕರೆ ಕಾರ್ಖಾನೆಯೂ ಬಂತು. ಸಕ್ಕರೆ ಇದ್ದಲ್ಲಿ ಕಾಕಂಬಿ ಇರುತ್ತದೆ. ಅಮೆರಿಕದ ಬಾಸ್ಟನ್ ನಗರದಲ್ಲಿ 1919ರ ಜನವರಿ 15ರಂದು ಸುಮಾರು 87 ಲಕ್ಷ ಲೀಟರ್ ಕಾಕಂಬಿ ತುಂಬಿದ ಟ್ಯಾಂಕು ಒಡೆದು, ಅದರ ಅಲೆ ಬೀದಿಗೆ ನುಗ್ಗಿ 21 ಜನರನ್ನು ಬಲಿ ತೆಗೆದುಕೊಂಡಿತು. ಟ್ಯಾಂಕು ಮೊದಲಿನಿಂದಲೂ ಸೋರುತ್ತಿತ್ತು. ನೆರೆಯ ಮಕ್ಕಳು ಡಬ್ಬಿ ಹಿಡಿದು ಕಾಕಂಬಿ ತುಂಬಿಕೊಳ್ಳುತ್ತಿದ್ದರು. ಮಾಲೀಕರು ಮಾಡಿದ್ದೇನೆಂದರೆ, ಸೋರಿದ್ದು ಕಾಣದಂತೆ ಟ್ಯಾಂಕಿಗೆ ಕಂದು ಬಣ್ಣ ಬಳಿಸಿದ್ದು.

ಭಾರತದಲ್ಲಿ ಈ ಬಗೆಗಿನ ಕಾನೂನು ಹುಟ್ಟಿದ್ದು ಸಾವುಗಳ ನಂತರವೇ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಸಂಖ್ಯೆಯ ಟ್ಯಾಂಕಿಗೆ ನೀರು ಹೊಕ್ಕು ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಬಿತ್ತು. ಆ ಟ್ಯಾಂಕು ಅರ್ಧ ಮಣ್ಣಿನಲ್ಲಿ ಹುದುಗಿತ್ತು. ಊರಿನವರಿಗೆ ಕೇಳಿಸಬೇಕಾದ ಸೈರನ್ ಮೊದಲು ಸ್ವಲ್ಪ ಹೊತ್ತು ಕೂಗಿ ನಿಂತಿತು. ಅದು ಮತ್ತೆ ಕೂಗುವಷ್ಟರಲ್ಲಿ ಅನಿಲ ಬಸ್ತಿಗಳನ್ನು ಸೇರಿತ್ತು. ಮೂಗಿಗೆ ಒದ್ದೆ ಬಟ್ಟೆ ಹಿಡಿಯಿರಿ, ಗಾಳಿ ಬೀಸುವ ದಿಕ್ಕಿನಲ್ಲಿ ಓಡಬೇಡಿ ಎಂಬ ಎರಡು ಮಾತನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವರ್ಷ ತುಂಬಿದ ಮರುದಿನವೇ, 1985ರ ಡಿಸೆಂಬರ್ 4ರಂದು, ದೆಹಲಿಯ ಶ್ರೀರಾಮ್ ಕಾರ್ಖಾನೆಯಲ್ಲಿ ಓಲಿಯಂ ತುಂಬಿದ ಟ್ಯಾಂಕು ಒಡೆಯಿತು. ಟ್ಯಾಂಕನ್ನು ಹೊತ್ತಿದ್ದ ಕಟ್ಟಡವೇ ಕುಸಿದದ್ದು ಅದಕ್ಕೆ ಕಾರಣ. ತೀಸ್ ಹಜಾರಿ ನ್ಯಾಯಾಲಯದ ವಕೀಲರೊಬ್ಬರು ತೀರಿಕೊಂಡರು. ಅಪಾಯಕಾರಿ ಉದ್ಯಮ ನಡೆಸುವವರು ಅದರಿಂದಾದ ಹಾನಿಗೆ ಯಾವ ನೆಪವನ್ನೂ ಹೇಳದೆ ಹೊಣೆ ಹೊರಬೇಕು ಎಂದು ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಹೇಳಿದ್ದು ಈ ಮೊಕದ್ದಮೆಯಲ್ಲಿ. ಅದು ಸತ್ತ ಮೇಲಿನ ಹೊಣೆಯ ಮಾತಾಯಿತು. ಸಾಯದಂತೆ ಮಾಡುವ ಸಿದ್ಧತೆಯ ಮಾತು 1989ರ ನವೆಂಬರಿನ ನಿಯಮಾವಳಿಯಲ್ಲಿ ಬಂತು. ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಅಪಾಯಕಾರಿ ರಾಸಾಯನಿಕ ಇರಿಸುವ ಕಾರ್ಖಾನೆ ತನ್ನ ಆವರಣದ ಒಳಗಿನ ತುರ್ತು ಯೋಜನೆಯನ್ನು ತಾನೇ ಸಿದ್ಧಪಡಿಸಬೇಕು. ಹೊರಗಿನ ಊರುಗಳ ಯೋಜನೆ ಜಿಲ್ಲಾಡಳಿತದ್ದು. ಒಳಗಿನ ಅಣಕು ಕಾರ್ಯಾಚರಣೆ ಆರು ತಿಂಗಳಿಗೊಮ್ಮೆ, ಹೊರಗಿನದು ವರ್ಷಕ್ಕೊಮ್ಮೆ ನಡೆಯಬೇಕು. ಅಪಾಯದ ಸ್ವರೂಪವೇನು, ಸಂಭವಿಸಿದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ನೆರೆಯವರಿಗೆ ಮುಂಚೆಯೇ ತಿಳಿಸಬೇಕು.

ಕಾಗದದ ಮೇಲೆ ಇದೆಲ್ಲ ಇದ್ದೂ 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಲ್ಲಿ ನಡೆದದ್ದು ಮತ್ತೆ ಸೈರನ್ನಿನ ಕಥೆಯೇ. ಲಾಕ್‌ಡೌನಿನಲ್ಲಿ ಟ್ಯಾಂಕಿನೊಳಗಿನ ಸ್ಟೈರೀನ್ ಬಿಸಿಯೇರಿ ಆವಿಯಾಗಿ ಹೊರಬಂತು. 12 ಜನ ಸತ್ತರು. ಎಚ್ಚರಿಕೆಯ ಗುಂಡಿ ಕಾರ್ಖಾನೆಯ 36 ಕಡೆ ಇದ್ದರೂ ಯಾರೂ ಒತ್ತಿರಲಿಲ್ಲ ಎಂಬುದು ತನಿಖಾ ಸಮಿತಿಯ ವರದಿಯಿಂದ ಹೊರಬಿತ್ತು. ಒಂದು ಡಂಗುರದಷ್ಟೂ ಸದ್ದಾಗಲಿಲ್ಲ.

ಕಡೇಚೂರು ಮತ್ತು ಬಾಡಿಯಾಳದ ರೈತರಿಂದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಪಡೆದ ಜಮೀನು 3,000 ಎಕರೆಗೂ ಹೆಚ್ಚು. ವಾಸನೆ ಮತ್ತು ಹೊಗೆಯ ಬಗ್ಗೆ ಸುತ್ತಲಿನವರ ದೂರುಗಳು ಪತ್ರಿಕೆಗಳಲ್ಲಿ ಬಂದಿವೆ. ವಾಸನೆ ಮೂಗಿಗೆ ಬಡಿಯುತ್ತದೆ, ಹಾಗಾಗಿ ದೂರಾಗುತ್ತದೆ. ಸುಮ್ಮನೆ ನಿಂತಿರುವ ಟ್ಯಾಂಕಿನ ಬಗ್ಗೆ ಯಾರೂ ದೂರುವುದಿಲ್ಲ. ಔಷಧ ತಯಾರಿಕೆಯಲ್ಲಿ ಸಾಮಾನ್ಯವಾಗಿ ಬಳಸುವ ಮೆಥನಾಲ್, ಟೊಲುವಿನ್‌ನಂಥ ದ್ರಾವಕಗಳು ಬೇಗ ಹೊತ್ತಿಕೊಳ್ಳುವಂಥವು; ಅವುಗಳ ಆವಿ ಗಾಳಿಗಿಂತ ಭಾರ. ಆದುದರಿಂದ ಸೋರಿದರೆ ನೆಲ ಹಿಡಿದು ತಗ್ಗಿನ ಕಡೆಗೆ, ಗಾಳಿಯ ಜೊತೆ ಸಾಗುತ್ತದೆ. ಮುಂಗಾರಿನಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ ಎಂಬುದು ಇಲ್ಲಿನ ಬೇಸಾಯಗಾರನಿಗೆ ಯಾರೂ ಕಲಿಸಬೇಕಾಗಿಲ್ಲ. ಯಾವ ತಿಂಗಳಲ್ಲಿ ಯಾವ ಊರು ಗಾಳಿಯ ಹಾದಿಯಲ್ಲಿದೆ ಎಂಬ ಲೆಕ್ಕಕ್ಕೆ ಅದು ಒದಗಬೇಕು, ಅಷ್ಟೆ. ಓಡುವಾಗ ಗಾಳಿಗೆ ಅಡ್ಡವಾಗಿ, ದಿಣ್ಣೆಯ ಕಡೆಗೆ ಓಡಬೇಕು.

ಟ್ಯಾಂಕಿನೊಳಗೆ ಇಳಿಯುವ ಕೂಲಿಯವರ ಸಾವು ಇನ್ನೊಂದು ಬಗೆಯದು. ಇದಕ್ಕೂ ಈ ಭಾಗದಲ್ಲಿ ಹಳೆಯ ಪಾಠವಿದೆ. ಜೋಳ ತುಂಬಿಟ್ಟ ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ದ್ರಾವಕದ ಟ್ಯಾಂಕಿಗೆ ದೀಪ ಇಳಿಸಿದರೆ ಅನಾಹುತವೇ ಆದೀತು. ಅಲ್ಲಿ ಗಾಳಿಯನ್ನು ಅಳೆಯುವ ಉಪಕರಣ ಬೇಕು. ಕ್ರಮ ಮಾತ್ರ ಅದೇ, ಮೊದಲು ಪರೀಕ್ಷೆ, ಆಮೇಲೆ ಮನುಷ್ಯ.

1996ರಲ್ಲಿ ಬಂದ ಮತ್ತೊಂದು ನಿಯಮಾವಳಿ ಇಂಥ ಕೈಗಾರಿಕಾ ಪ್ರದೇಶಗಳಿಗೆ ಸ್ಥಳೀಯ ಬಿಕ್ಕಟ್ಟು ನಿರ್ವಹಣಾ ಗುಂಪನ್ನು ವಿಧಿಸಿತು. ಅದರ ಸದಸ್ಯರ ಪಟ್ಟಿ ಓದಲು ಸ್ವಾರಸ್ಯವಾಗಿದೆ. ಉಪವಿಭಾಗದ ಅಧಿಕಾರಿ, ಕಾರ್ಖಾನೆ ಇನ್‌ಸ್ಪೆಕ್ಟರ್, ಅಗ್ನಿಶಾಮಕ ಮತ್ತು ಪೊಲೀಸ್ ಅಧಿಕಾರಿಗಳ ಜೊತೆಗೆ ಊರಿನ ವೈದ್ಯರು, ಪಂಚಾಯಿತಿಯ ಪ್ರತಿನಿಧಿ, ರಾಸಾಯನಿಕ ಸಾಗಿಸುವ ಲಾರಿಯವರು, ಕೊನೆಗೆ ಸ್ಥಳೀಯ ಪತ್ರಿಕೆಯ ಸಂಪಾದಕರು ಕೂಡ. ಈ ಗುಂಪು ತಿಂಗಳಿಗೊಮ್ಮೆ ಸೇರಬೇಕು. ಯಾವ ಟ್ಯಾಂಕಿನಿಂದ ಏನು ಅಪಾಯ, ಅದಕ್ಕೆ ಏನು ಸಿದ್ಧತೆ ಎಂದು ಊರಿನವರು ಕೇಳಿದರೆ ಹೇಳಬೇಕು.